ಡಬ್ಬಿ ಬರುವ ತನಕ ಐದರ ಬಸ್ಸು

ಸಾಂಗ್ಲಿವಾಡಿಯ ಹುಡುಗನಿಗೆ ಕೃಷ್ಣೆಯ ಮೇಲೆ ಹಗ್ಗದ ಹಾದಿ ಬೇಕಿತ್ತು. ಈ ದಡದಲ್ಲೊಂದು ಕಂಬ, ಆ ದಡದಲ್ಲೊಂದು ಕಂಬ, ನಡುವೆ ಉಕ್ಕಿನ ಹಗ್ಗ, ಹಗ್ಗಕ್ಕೆ ಜೋತುಬಿದ್ದ ಗಾಜಿನ ತೊಟ್ಟಿಲು. ಬೆಳಿಗ್ಗೆ ತನ್ನ ಮನೆಯ ಮಾಳಿಗೆಯಲ್ಲಿ ಅದರೊಳಗೆ ಕೂತರೆ ಕಾಲೇಜಿನ ಗಚ್ಚಿಯ ಮೇಲೆ ಇಳಿಯಬೇಕು. ಸೇತುವೆ ಇದೆಯಲ್ಲ ಎಂದು ಕೇಳಿದರೆ, "ಸೇತುವಿ ಮ್ಯಾಲ ಎಮ್ಮೀನೂ ಹೊಕ್ಕಾವು," ಎನ್ನುತ್ತಿದ್ದ. ಮಹಾಪೂರ ಬಂದಾಗ ಆ ಸೇತುವೆ ಮುಚ್ಚುತ್ತದೆ, ಅವನ ಮನೆಯ ಕೆಳಗಿನ ಖೋಲಿಗೆ ನದಿಯೇ ಬಂದುಹೋಗುತ್ತದೆ. ಈ ಮಾತನ್ನು ಮಾತ್ರ ಆತ ಎಲ್ಲೂ ಹೇಳಲಿಲ್ಲ. ಹೇಳಿದ್ದರೆ ಅಂಕ ಬರುತ್ತಿದ್ದವು.

ಅಂಕದ ವಿಷಯ ಬಂದದ್ದು ಒಂದು ಸ್ಪರ್ಧೆಯಿಂದ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಕಾಲೇಜು ಅದನ್ನು ಏರ್ಪಡಿಸಿತು: ಸಾಂಗ್ಲಿ ಮತ್ತು ಮಿರಜ ಹೇಗಿರಬೇಕು, ವಿದ್ಯಾರ್ಥಿಯ ಕಣ್ಣಿನಿಂದ ನೋಡಿ ಹೇಳಿ. ಮೂರು ಮೂರು ಜನರ ಗುಂಪು. ಒಂದು ಮಾದರಿ ಮಾಡಬೇಕು, ವೇದಿಕೆಯ ಮೇಲೆ ಮೂವರೂ ಮಾತಾಡಬೇಕು. ಒಬ್ಬರು ಬಾಯಿ ತೆರೆಯದಿದ್ದರೂ ಗುಂಪು ಹೊರಗೆ.

ನಮ್ಮ ತರಗತಿಯಲ್ಲಿ ಹೆಸರು ಹಿಡಿದು ಕರೆಯುವುದು ಹಾಜರಿಯ ಹೊತ್ತಿಗೆ ಮಾತ್ರ. ಉಳಿದ ಹೊತ್ತು ಊರೇ ಹೆಸರು. ಆತ ಸಾಂಗ್ಲಿವಾಡಿ. ಮಾರುಕಟ್ಟೆಯ ಅಂಗಡಿಯವರ ಮನೆಯಿಂದ ಬರುತ್ತಿದ್ದ ನಾನು ಮಿರಜ. ಮೂರನೆಯವಳು ಬುಧಗಾಂವ. ಆಕೆಯ ಊರು ನಿಜಕ್ಕೂ ಬುಧಗಾಂವ ಅಲ್ಲ, ಅದನ್ನು ದಾಟಿ ಕಬ್ಬಿನ ಹೊಲಗಳ ನಡುವೆ ಇನ್ನಷ್ಟು ದೂರ ಹೋಗಬೇಕು. ಆದರೆ ಸಾಂಗ್ಲಿಯವರ ಲೆಕ್ಕದಲ್ಲಿ ಬುಧಗಾಂವದ ಆಚೆ ಇರುವುದೆಲ್ಲ ಬುಧಗಾಂವವೇ. ಆಕೆ ಮೊದಲ ವರ್ಷವಿಡೀ ತಿದ್ದಿದಳು, ಎರಡನೆಯ ವರ್ಷ ಬಿಟ್ಟುಬಿಟ್ಟಳು.

ಆಕೆಯೊಂದಿಗೆ ಗೆಳೆತನವಾದದ್ದು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ. ಎಲ್ಲರೂ ಬ್ಯುರೆಟ್‌ನಿಂದ ಬೀಳುವ ಹನಿ ನೋಡುತ್ತಿದ್ದರೆ ಆಕೆ ಕಿಟಕಿ ನೋಡುತ್ತಿದ್ದಳು. ಒಂದು ಸಂಜೆ ಸಂಪೂರ್ಣ ಮರಾಠಿ ಮಾತಿನ ಆ ಕೋಣೆಯಲ್ಲಿ, "ಅಯ್ಯ, ಹೊಂಟಾ ನೋಡ ಸೂರ್ಯಾ," ಎಂಬ ಕನ್ನಡ ಕೇಳಿತು. ನಮ್ಮ ಮನೆಯಲ್ಲೂ ಅಡುಗೆಮನೆಯ ಭಾಷೆ ಅದೇ. ಅಂಗಡಿಯಲ್ಲಿ ಮರಾಠಿ, ಗಿರಾಕಿ ಕಾಗವಾಡದ ಕಡೆಯವರಾದರೆ ಮತ್ತೆ ಕನ್ನಡ. ನಾನು ತಿರುಗಿ, "ಎಲ್ಲಿಗಿ ಹೊಂಟಾನ?" ಎಂದೆ. ಆಕೆಯ ಬಟ್ಟಲಿನ ದ್ರಾವಣ ತಿಳಿಗುಲಾಬಿಯಲ್ಲಿ ನಿಲ್ಲಬೇಕಾದದ್ದು ಬೀಟ್‌ರೂಟ್ ಬಣ್ಣಕ್ಕೆ ಹೋಯಿತು.

ನಮ್ಮ ಮೂವರ ಮೊದಲ ಸಭೆ ಕ್ಯಾಂಟೀನಿನಲ್ಲಿ ಭಡಂಗಿನ, ಅಂದರೆ ಖಾರದ ಚುರುಮುರಿಯ, ಪೊಟ್ಟಣದ ಸುತ್ತ ನಡೆಯಿತು. ಉಳಿದ ಗುಂಪುಗಳು ಏನು ಮಾಡುತ್ತಿವೆ ಎಂಬ ಗುಪ್ತ ವರದಿ ಆಗಲೇ ಬಂದಿತ್ತು. ಒಂದು ಗುಂಪು ನದಿ ದಂಡೆಯ ಮೇಲೆ ಅಮೃತಶಿಲೆಯ ಮೆಟ್ಟಿಲು ಕಟ್ಟಿ ಸಂಗೀತ ಕಾರಂಜಿ ಹಾರಿಸಿತ್ತು. ಇನ್ನೊಂದು ಗುಂಪು ಸಾಂಗ್ಲಿ-ಮಿರಜ ರಸ್ತೆಯ ಮೇಲೆ ಮೆಟ್ರೊ ಓಡಿಸಿತ್ತು, ಸರಿಯಾಗಿ ಗುಂಪಿನ ನಾಯಕನ ಓಣಿಯಲ್ಲಿ ಒಂದು ನಿಲ್ದಾಣ. ಹಾಸ್ಟೆಲಿನ ಹುಡುಗರು ರಾತ್ರಿಯಿಡೀ ತೆರೆದಿರುವ ಗ್ರಂಥಾಲಯ ಕೇಳಿದ್ದರು, ಅದರಲ್ಲಿ ಪುಸ್ತಕಕ್ಕಿಂತ ಚಹಾದ ಯಂತ್ರಗಳು ಹೆಚ್ಚು. ಮಿರಜದವರು ಸಾಂಗ್ಲಿಗೆ ಒಂದು ದೊಡ್ಡ ಆಸ್ಪತ್ರೆ ಬೇಕೆಂದರೆ, ಸಾಂಗ್ಲಿಯವರು ಮಿರಜಕ್ಕೆ ಒಂದಿಷ್ಟು ಶಿಸ್ತು ಬೇಕೆಂದಿದ್ದರು. ಎರಡೂ ಊರು ಒಂದೇ ಮಹಾನಗರಪಾಲಿಕೆಯಲ್ಲಿದ್ದರೂ ಒಂದು ಊರಿನವರು ಇನ್ನೊಂದಕ್ಕೆ ಹೋಗುವಾಗ ಇಂದಿಗೂ 'ಊರಿಗೆ ಹೋಗಿ ಬರ್ತೇನಿ' ಎಂದೇ ಹೇಳುತ್ತಾರೆ.

ನನ್ನ ಸುಧಾರಣೆಯೂ ದೋಷಮುಕ್ತವಾಗಿರಲಿಲ್ಲ. ಮಿರಜದಿಂದ ಕಾಲೇಜಿನ ತನಕ ಎರಡೂ ಬದಿ ಮರಗಳಿರುವ ಸೈಕಲ್ ದಾರಿ. ಅದು ನಮ್ಮ ಅಂಗಡಿಯ ಮುಂದಿನಿಂದಲೇ ಆರಂಭವಾಗುತ್ತಿತ್ತು.

"ಎಲ್ಲಾರೂ ತಮ್ಮ ಬಾಗಲಾ ತನಕ ರಸ್ತಾ ಮಾಡ್ಕೊಂಡ್ರಿ," ಎಂದಳು ಬುಧಗಾಂವ. "ನನಗ ಹೊಸಾದು ಏನೂ ಬ್ಯಾಡ. ಐದರ ಬಸ್ಸು ಹತ್ತು ನಿಮಿಷ ನಿಲ್ಲಲಿ ಸಾಕು."

"ಇದು ಸುಧಾರಣಾ ಅಲ್ಲ, ಅರ್ಜಿ," ಎಂದ ಸಾಂಗ್ಲಿವಾಡಿ. ಅವನ ಕನ್ನಡ ಅಜ್ಜಿಯಿಂದ ಬಂದದ್ದು, ಅರ್ಧ ದಾರಿಯಲ್ಲಿ ಮರಾಠಿಗೆ ಹೊರಳುತ್ತಿತ್ತು. "ಮಾಡೆಲ್ ಹ್ಯಾಂಗ ಮಾಡೂದು ಇದರದು? ನಿಂತ ಬಸ್ಸಿಂದು? ಕಾಯ್ ರಾವ್, ನಿಂತ ಬಸ್ಸು ಸಾಂಗ್ಲಿ ಸ್ಟ್ಯಾಂಡಿನಾಗ ಬೇಕಾದಷ್ಟು ಅದಾವು."

ನಾವು ನಕ್ಕೆವು. ಆಕೆ ನಗಲಿಲ್ಲ. ಆಕೆಯ ಮನೆಯಲ್ಲಿ ಏನು ನಡೆದಿದೆ ಎಂಬುದು ತಿಳಿದದ್ದು ಆಗ.

ಆಕೆಯದು ಜೈನರ ಮನೆ. ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ಅಲ್ಲಿಯೇ ನೆಲೆನಿಂತ ಒಕ್ಕಲುತನದವರು. ಮನೆಯ ಹಿರಿಯಳು ಅಜ್ಜಿ, ಊರಿಗೆಲ್ಲ ಆಯಿ. ಅಜ್ಜಿ ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವವಳಲ್ಲ, ನೀರನ್ನೂ ಕುಡಿಯುವವಳಲ್ಲ. ಇದು ಧರ್ಮ, ಇದರಲ್ಲಿ ತೊಡಕಿಲ್ಲ. ತೊಡಕಿದ್ದದ್ದು ಅಜ್ಜಿ ತಾನೇ ಸೇರಿಸಿಕೊಂಡ ಉಪನಿಯಮದಲ್ಲಿ: ಮೊಮ್ಮಗಳು ಮನೆಗೆ ಬಂದ ಹೊರತು ಎಡೆಯ ಮುಂದೆ ಕೂರುವುದಿಲ್ಲ. ಬೇಸಿಗೆಯಲ್ಲಿ ಎರಡೂ ನಿಯಮ ಜಗಳವಿಲ್ಲದೆ ಬಾಳುತ್ತಿದ್ದವು. ಚಳಿಗಾಲದಲ್ಲಿ ಸೂರ್ಯ ಬೇಗ ಮುಳುಗುತ್ತಾನೆ, ಪ್ರಯೋಗಾಲಯ ಮಾತ್ರ ತಡವಾಗಿಯೇ ಬಿಡುತ್ತದೆ. ಐದಕ್ಕೆ ಮುಗಿಯಿತು ಎಂದ ಮೇಲೂ ಗಾಜಿನ ಸಾಮಾನು ತೊಳೆದಿಡಬೇಕು, ಸಹಿ ಹಾಕಿಸಬೇಕು. ಆಕೆ ನಿಲ್ದಾಣಕ್ಕೆ ಓಡಿಬರುವ ಹೊತ್ತಿಗೆ ಐದರ ಬಸ್ಸಿನ ಹಿಂಭಾಗ ಕಾಣುತ್ತಿತ್ತು. ಮುಂದಿನ ಬಸ್ಸು ಊರು ಮುಟ್ಟಿದಾಗ ಕತ್ತಲು. ಹಂಚಿಕೊಂಡು ಹೋಗುವ ರಿಕ್ಷಾ ಬುಧಗಾಂವದ ತನಕ ಮಾತ್ರ, ಅದೂ ತುಂಬಿದ ಮೇಲೆ. ಅಪ್ಪನ ಮೋಟಾರ್‌ಸೈಕಲ್ ಇತ್ತು, ಆದರೆ ಅದು ಕಬ್ಬು ಕಡಿಯುವ ಹಂಗಾಮು. ಅಪ್ಪನೇ ಹೊಲ ಬಿಟ್ಟು ಮನೆಗೆ ಬರುತ್ತಿರಲಿಲ್ಲ.

ಹೀಗೆ ಅಜ್ಜಿ ಕೆಲವು ರಾತ್ರಿ ಉಪವಾಸ ಮಲಗಿದ್ದಳು. ದೂರಲಿಲ್ಲ, ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು.

"ಫೋನ್ ಮಾಡಿ ಉಣ್ಣು ಅನಬೇಕಿತ್ತ," ಎಂದೆ ನಾನು.

"ಮಾಡೇನಿ. ವಿಡಿಯೊ ಕಾಲ್‌ನೂ ಮಾಡೇನಿ. 'ನೋಡ ಆಯಿ, ಬಂದೇ ಬಿಟ್ಟೇನಿ' ಅಂದ್ರ, 'ಫೋನಿನ್ಯಾಗ ಬಂದಾಕಿಗಿ ಫೋನಿನ್ಯಾಗ ಬಡಸ್ತೇನಿ, ತಾಟ ಹಿಡಿ' ಅಂದ್ಲು."

ಕೊನೆಗೆ ಅಪ್ಪ ತೀರ್ಪು ಕೊಟ್ಟಿದ್ದ. ಸಿಟ್ಟಿನಿಂದಲ್ಲ, ಸುಸ್ತಿನಿಂದ. ಸಂಕ್ರಾಂತಿಯ ತನಕ ನೋಡುವುದು. ಅಷ್ಟರೊಳಗೆ ಅಜ್ಜಿ ಇನ್ನೊಂದು ಸಲ ಉಪವಾಸ ಮಲಗಿದರೆ ವಿಜ್ಞಾನ ಬಿಟ್ಟು ಕಲಾವಿಭಾಗಕ್ಕೆ ಹೆಸರು ಬದಲಿಸುವುದು. ಅಲ್ಲಿ ಪ್ರಯೋಗಾಲಯವಿಲ್ಲ, ಮಧ್ಯಾಹ್ನವೇ ಮನೆ ಸೇರಬಹುದು. ಬಟ್ಟಲಿನ ಬಣ್ಣ ಬೀಟ್‌ರೂಟಿಗೆ ಹೋದರೂ ಆಕೆಗೆ ಇಷ್ಟವಿದ್ದದ್ದು ರಸಾಯನಶಾಸ್ತ್ರವೇ. ಉಳಿದ ಯಾವ ಪುಸ್ತಕಕ್ಕೂ ಆಕೆ ಬೈಂಡ್ ಹಾಕಿಸಿರಲಿಲ್ಲ.

ಭಡಂಗು ಮುಗಿದಿತ್ತು. ಸಾಂಗ್ಲಿವಾಡಿ ಪೊಟ್ಟಣದ ಮೂಲೆಯಿಂದ ಶೇಂಗಾ ಹೆಕ್ಕುತ್ತ, ಹತ್ತು ನಿಮಿಷ ನಿಲ್ಲಿಸಿ ಎಂದು ಡ್ರೈವರನಿಗೇ ಕೇಳಬಾರದೇ ಎಂದ. ಕೇಳಿದ್ದಳು. ಡ್ರೈವರ್ ಕಂಡಕ್ಟರನನ್ನು ತೋರಿಸಿದ್ದ, ಕಂಡಕ್ಟರ್ ಕಂಟ್ರೋಲರನನ್ನು, ಕಂಟ್ರೋಲರ್ ಗೋಡೆಯ ಮೇಲಿನ ವೇಳಾಪಟ್ಟಿಯನ್ನು. ಗೋಡೆ ಯಾರನ್ನೂ ತೋರಿಸಲಿಲ್ಲ.

"ಮಂದಿ ಸಲುವಾಗಿ ನಿಲ್ಲಾಂಗಿಲ್ಲ ಆ ಬಸ್ಸು," ಎಂದಳು ಆಕೆ. "ಡಬ್ಬಿ ಸಲುವಾಗಿ ಆದ್ರ ನಿಲ್ತೈತಿ."

ಡಬ್ಬಿಯ ಪದ್ಧತಿ ನಮ್ಮ ಕಡೆ ಹೊಸದಲ್ಲ. ಆಕೆಯ ಊರಿನ ಏಳೆಂಟು ಹುಡುಗರು ಕಾಲೇಜಿನ ಹಿಂದಿನ ಓಣಿಯಲ್ಲಿ ಖೋಲಿ ಮಾಡಿಕೊಂಡಿದ್ದರು. ಅವರ ತಾಯಂದಿರು ಬೆಳಿಗ್ಗೆ ರೊಟ್ಟಿ, ಪಲ್ಯ, ಝುಣಕ ಕಟ್ಟಿ ಊರ ಬಸ್ಸಿಗೆ ಕೊಡುತ್ತಿದ್ದರು. ಡಬ್ಬಿಗಳು ಡ್ರೈವರನ ಪಕ್ಕದ ಇಂಜಿನ್ ಮುಚ್ಚಳದ ಮೇಲೆ ಬೆಚ್ಚಗೆ ಕೂತು ಸಾಂಗ್ಲಿಗೆ ಬರುತ್ತಿದ್ದವು. ಹೆಸರು ಬರೆಯುವ ರೂಢಿಯಿಲ್ಲ. ಒಂದರ ಹಿಡಿಕೆಗೆ ಹಸಿರು ಸೀರೆಯ ತುಂಡು, ಇನ್ನೊಂದಕ್ಕೆ ಉಗುರುಬಣ್ಣದ ಚುಕ್ಕೆ. ಕಾಲೇಜಿನ ನಿಲ್ದಾಣದಲ್ಲಿ ಕಂಡಕ್ಟರ್ ಅವನ್ನು ಇಳಿಸುತ್ತಾನೆ, ಸಂಜೆ ಅದೇ ಬಸ್ಸಿಗೆ ಖಾಲಿ ಡಬ್ಬಿಗಳು ಮರಳಬೇಕು. ಮನೆಗೊಂದೇ ಡಬ್ಬಿಯಾದ್ದರಿಂದ ಖಾಲಿ ಡಬ್ಬಿ ಹೋಗದಿದ್ದರೆ ಮರುದಿನ ಊಟವಿಲ್ಲ.

ಒಮ್ಮೆ ಡ್ರೈವರ್ ಅವಸರದಲ್ಲಿ ಒಂದು ಡಬ್ಬಿ ಬಿಟ್ಟು ಹೋಗಿದ್ದನಂತೆ. ಮರುದಿನ ಬೆಳಿಗ್ಗೆ ಆ ಹುಡುಗನ ತಾಯಿ ಊರ ನಿಲ್ದಾಣದಲ್ಲಿ ಬಸ್ಸಿನ ಮುಂದೆ ನಿಂತಳು. ಕಾಲೇಜಿನ ಹುಡುಗರು, ಹಾಲಿನವರು, ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯ ಪಾಳಿಗೆ ಹೊರಟವರು, ಎಲ್ಲರೂ ಒಳಗೆ. "ನನ್ನ ಡಬ್ಬಿ ಎಲ್ಲಿ ಐತಿ ಹೇಳಿ ಮುಂದ ಹೋಗು," ಎಂದಳಂತೆ. ಕಂಡಕ್ಟರ್ ಫೋನು ಹಚ್ಚಿ, ನಿದ್ದೆಯಿಂದ ಎದ್ದ ಮಗ ಡಬ್ಬಿ ಮಂಚದ ಕೆಳಗೆ ಸುಖವಾಗಿದೆ ಎಂದು ಹೇಳಿದ ಮೇಲೆಯೇ ಬಸ್ಸಿಗೆ ಬಿಡುಗಡೆ. ಅಂದಿನಿಂದ ಆ ಬಸ್ಸು ಕಾಲೇಜಿನ ನಿಲ್ದಾಣದಿಂದ ಮನುಷ್ಯರನ್ನು ಬಿಟ್ಟು ಹೋಗಬಹುದು, ಡಬ್ಬಿಯನ್ನು ಬಿಟ್ಟು ಹೋಗುವುದಿಲ್ಲ.

"ಹಂಗಾದ್ರ ನೀನೂ ಡಬ್ಬಿ ಆಗು," ಎಂದ ಸಾಂಗ್ಲಿವಾಡಿ. "ಕೊಳ್ಳಾಗ ಹಸರ ತುಂಡ ಕಟ್ಕೊ, ಇಂಜಿನ್ ಮ್ಯಾಲ ಕುಂದ್ರು. ಆಯಿ ಬಂದು ಮುಚ್ಚಳಾ ತಗದು ನೋಡ್ತಾಳ, ಒಳಗ ಮೊಮ್ಮಗಳು!"

ನಾನು ಈ ಬಾರಿಯೂ ನಕ್ಕೆ. ಆಕೆ ಅವನನ್ನೇ ನೋಡುತ್ತಿದ್ದಳು. ಟೈಟ್ರೇಶನ್ ಹೊತ್ತಿನಲ್ಲಿ ಬ್ಯುರೆಟ್ಟನ್ನು ಅಷ್ಟು ಲಕ್ಷ್ಯದಿಂದ ನೋಡಿದ್ದರೆ ಸರ್ ಸಂತೋಷಪಡುತ್ತಿದ್ದರು.

"ನೀ ಮಾತಾಡಿದ್ರಾಗ ಒಂದ ಶಾಣ್ಯಾತನದ ಮಾತ ಬಂತ ನೋಡ," ಎಂದು ಎದ್ದುಹೋದಳು.

ಮರುದಿನ ಮಧ್ಯಾಹ್ನ ಪ್ರಯೋಗಾಲಯದ ಹೊರಗಿನ ಕಟ್ಟೆಯ ಮೇಲೆ ಡಬ್ಬಿಗಳ ಸಾಲು ಕಂಡಿತು. ಆಕೆ ತನ್ನೂರಿನ ಹುಡುಗರ ಜೊತೆ ಒಪ್ಪಂದ ಮಾಡಿಕೊಂಡಿದ್ದಳು. ಇನ್ನು ಮೇಲೆ ಅವರು ಸಂಜೆ ನಿಲ್ದಾಣಕ್ಕೆ ಹೋಗುವಂತಿಲ್ಲ. ಊಟ ಮುಗಿಸಿ ಡಬ್ಬಿಗಳನ್ನು ಇಲ್ಲಿ ತಂದಿಟ್ಟರೆ ಬಸ್ಸಿಗೆ ಮುಟ್ಟಿಸುವ ಹೊಣೆ ಆಕೆಯದು. ಷರತ್ತು ಒಂದೇ, ತೊಳೆದು ತರಬೇಕು. ಹುಡುಗರಿಗೆ ನಂಬಲಾಗಲಿಲ್ಲ. ಸಂಜೆಯ ಕ್ರಿಕೆಟ್ಟಿನ ನಡುವೆ ಬ್ಯಾಟು ಬಿಟ್ಟು ಓಡುವ ಕೆಲಸ ತಪ್ಪಿತ್ತು. ಅವರಲ್ಲೊಬ್ಬ, "ಅಕ್ಕಾ, ದೇವರು ನಿನಗ ಒಳ್ಳೇದು ಮಾಡಲಿ," ಎಂದ. ಆತ ಆಕೆಗಿಂತ ಹಿರಿಯ.

ಆ ಸಂಜೆ ನನ್ನ ಕೆಲಸ ಬೇಗ ಮುಗಿಯಿತು. ಏನಾಗುತ್ತದೆ ನೋಡೋಣವೆಂದು ನಿಲ್ದಾಣಕ್ಕೆ ಹೋದೆ. ಐದರ ಬಸ್ಸು ಸ್ಟ್ಯಾಂಡಿನಿಂದ ಹೊರಟು ನಮ್ಮ ನಿಲ್ದಾಣಕ್ಕೆ ಬಂತು. ಡ್ರೈವರ್ ಹಾರ್ನ್ ಹೊಡೆದ. ಯಾರೂ ಬರಲಿಲ್ಲ. ಇನ್ನೊಮ್ಮೆ ಹೊಡೆದ. ಕಂಡಕ್ಟರ್ ಇಳಿದು ಓಣಿಯ ಕಡೆ ನೋಡಿದ. ಜತ್ತ ಕಡೆಯ ಮನುಷ್ಯ, ಹೀಗಾಗಿ ನಮ್ಮೊಂದಿಗೆ ಕನ್ನಡ.

"ಡಬ್ಬಿ ಎಲ್ಲಿ ಸತ್ತಾವು ಇವತ್ತ?"

"ಬರಾಕತ್ತಾವ್ರಿ," ಎಂದೆ.

"ತಾವ ನಡಕೋತ ಬರಾಕತ್ತಾವೇನು?"

ಬಸ್ಸಿನಲ್ಲಿ ಮುಂದಿನ ಆಸನದಲ್ಲಿ ಕಾಯಿಪಲ್ಲೆ ಮಾರಿ ಮರಳುತ್ತಿದ್ದ ಹೆಂಗಸೊಬ್ಬಳಿದ್ದಳು. ಹಿಂದಿನ ವಾರ ಬುಧಗಾಂವ ದೂರದಿಂದ ಕೈ ಬೀಸುತ್ತ ಓಡಿಬರುತ್ತಿದ್ದಾಗ, "ಬಿಡ್ರೋ ಬಸ್ಸು, ಎಷ್ಟ ಮಂದೀನ ಕಾಯೂದು!" ಎಂದು ಕೂಗಿದವಳು ಈ ಹೆಂಗಸೇ. ಈಗ ಕಿಟಕಿಯಿಂದ ತಲೆ ಹೊರಹಾಕಿ, "ತಡೀರಿ ತಡೀರಿ, ಡಬ್ಬಿ ಬರಲಿ," ಎಂದಳು. "ನಾಳೆ ಪಾಪ ಹುಡುಗೂರು ಏನ್ ಮಣ್ಣ ತಿನಬೇಕೇನು?" ಹಿಂದಿನ ಆಸನಗಳಿಂದಲೂ ಹೌದು ಹೌದು ಎಂಬ ದನಿ. ಯಾರೂ ಗಡಿಯಾರ ನೋಡಲಿಲ್ಲ.

ಆಗ ಬುಧಗಾಂವ ಬಂದಳು. ಮೈಮೇಲೆ ಪ್ರಯೋಗಾಲಯದ ಬಿಳಿ ಕೋಟು, ಎರಡು ಕೈಗಳಲ್ಲಿ ಎರಡು ಚೀಲ, ಚೀಲದೊಳಗೆ ಡಬ್ಬಿಗಳ ಗಲಗಲ. ಕಂಡಕ್ಟರ್ ಆಕೆಯ ಮುಖ ನೋಡಲಿಲ್ಲ, ಚೀಲದೊಳಗೆ ಇಣುಕಿದ.

"ಎಲ್ಲಾ ಅದಾವಲಾ?"

"ಎಲ್ಲಾ ಅದಾವ್ರಿ."

"ಹತ್ತು ಮತ್ತ."

ಡಬ್ಬಿಗಳೊಂದಿಗೆ ಆಕೆಯೂ ಹತ್ತಿದಳು. ಆ ದಿನ ಅಜ್ಜಿ ಉಂಡಳು. ಮರುದಿನವೂ ಉಂಡಳು.

ಕಂಡಕ್ಟರನಿಗೆ ಗುಟ್ಟು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಡಬ್ಬಿಗಳು ತಡವಾಗುವುದು ಪ್ರಯೋಗಾಲಯ ಇರುವ ದಿನ ಮಾತ್ರ ಎಂಬುದನ್ನು ಯಾರಾದರೂ ಗಮನಿಸುತ್ತಾರೆ. ಒಂದು ಸಂಜೆ ಟಿಕೆಟ್ ಯಂತ್ರ ಒತ್ತುತ್ತ ಆಕೆಗೆ ಹೇಳಿದನಂತೆ: "ಯವ್ವಾ, ನಿನ್ನ ಸಲುವಾಗಿ ಬಸ್ಸು ನಿಂದ್ರಸಾಕ ನನಗ ಅಧಿಕಾರ ಇಲ್ಲ. ಡಬ್ಬಿ ಸಲುವಾಗಿ ನಿಂದ್ರಸಾಕ ಯಾರ ಅಪ್ಪಣೀನೂ ಬೇಕಾಗಿಲ್ಲ. ತಿಳೀತಿಲ್ಲೊ?" ತಿಳಿಯಿತು ಎಂದಳಂತೆ. ಇಬ್ಬರೂ ಮತ್ತೆ ಆ ಮಾತು ತೆಗೆಯಲಿಲ್ಲ.

ಇತ್ತ ಹಗ್ಗದ ಹಾದಿಯ ಮಾದರಿ ಸಿದ್ಧವಾಗುತ್ತಿತ್ತು. ಸಾಂಗ್ಲಿವಾಡಿಯ ಕಾಕಾನಿಗೆ ಕುಪವಾಡ ಎಂಐಡಿಸಿಯಲ್ಲಿ ಲೇಥಿನ ಕಾರ್ಖಾನೆ ಇತ್ತು. ಅಣ್ಣನ ಮಗನ ಮೇಲಿನ ಪ್ರೀತಿಗೆ ಕಾಕಾ ಎರಡು ಉಕ್ಕಿನ ಕಂಬ ಮಾಡಿಕೊಟ್ಟ. ಎರಡನ್ನೂ ಎತ್ತಲು ನಾಲ್ವರು ಬೇಕಾಯಿತು. ನಡುವಿನ ನದಿ ಥರ್ಮಾಕೋಲಿನದು, ಕಂಬದ ಭಾರಕ್ಕೆ ಕೃಷ್ಣೆ ಎರಡು ಸಲ ಮುರಿದಳು. ನನ್ನ ಸೈಕಲ್ ದಾರಿಗೆ ವಿಲಾಯತಿ ಗಿಡಗಳಂತೆ ಕಾಣುವ ಪ್ಲಾಸ್ಟಿಕ್ ಮರಗಳು ಸಿಕ್ಕವು. ಬುಧಗಾಂವದ ಬಸ್ಸಿಗೆ ಆಟಿಕೆಯ ಅಂಗಡಿಯಿಂದ ಒಂದು ಕೆಂಪು ಬಸ್ಸು ತಂದು ಮೂಲೆಯಲ್ಲಿ ಅಂಟಿಸಿದೆವು. ನಿಂತ ಬಸ್ಸಿಗೆ ಅಂಟು ಹೇಳಿಮಾಡಿಸಿದಂತಿತ್ತು.

ಸ್ಪರ್ಧೆ ಡಿಸೆಂಬರಿನ ಕೊನೆಗೆ ಬಂತು. ಮಧ್ಯಾಹ್ನ ಎರಡಕ್ಕೆ ಆರಂಭ ಎಂದಿದ್ದರು. ಮುಖ್ಯ ಅತಿಥಿ, ನಗರಗಳನ್ನು ಕಟ್ಟಿ ಅನುಭವವಿದ್ದ ನಿವೃತ್ತ ಇಂಜಿನಿಯರರು, ಸಾಂಗ್ಲಿ-ಮಿರಜ ರಸ್ತೆಯ ಗದ್ದಲದಲ್ಲಿ ಸಿಕ್ಕು ತಡವಾಗಿ ಬಂದರು. ಬಂದವರು ಆ ರಸ್ತೆಯ ಬಗ್ಗೆಯೇ ದೀರ್ಘವಾಗಿ ಮಾತಾಡಿದರು. ಕಾರಂಜಿ ಹಾರಿತು, ಮೆಟ್ರೊ ಓಡಿತು. ನಮ್ಮ ಸರದಿ ಬಂದಾಗ ಸಭಾಂಗಣದ ಪಶ್ಚಿಮದ ಕಿಟಕಿಗಳಲ್ಲಿ ಬಿಸಿಲು ಅರಿಸಿನ ಬಣ್ಣಕ್ಕೆ ತಿರುಗಿತ್ತು. ವೇದಿಕೆಯ ಬದಿಗೆ, ಮಾದರಿಯ ಪಕ್ಕದಲ್ಲಿ, ಡಬ್ಬಿಗಳ ಎರಡು ಚೀಲ.

"ನೀ ಹೋಗು," ಎಂದೆ ಮೆಲ್ಲಗೆ.

"ನಾ ಹೋದ್ರ ನೀವಿಬ್ರೂ ಹೊರಗ."

"ಆಗಲಿ ಬಿಡು."

ಆಕೆ ಸಾಂಗ್ಲಿವಾಡಿಯ ಕಡೆ ನೋಡಿದಳು. ಆತ ಆಗಲೇ ಹಗ್ಗದ ಮೇಲಿದ್ದ. ಗಾಜಿನ ತೊಟ್ಟಿಲು, ಪ್ರವಾಸೋದ್ಯಮ, ಸೂರ್ಯಾಸ್ತದ ನೋಟ. ಇಂಜಿನಿಯರರು ಕನ್ನಡಕ ಸರಿಸಿ ಪ್ರಶ್ನೆಗಳನ್ನು ಶುರುಮಾಡಿದರು. ಗಾಳಿ ಬಿಟ್ಟರೆ? ಕರೆಂಟು ಹೋದರೆ? ನಡುನೀರಿನ ಮೇಲೆ ನಿಂತರೆ ಇಳಿಸುವವರು ಯಾರು? ಸಾಂಗ್ಲಿವಾಡಿ ಎಲ್ಲಕ್ಕೂ ಉತ್ತರಿಸಿದ, ಉತ್ತರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ನಾನು ಮರಗಳ ಬಗ್ಗೆ ಎರಡು ವಾಕ್ಯ ಹೇಳಿ ಕೂತೆ. ಹೊರಗೆ ಹಾರ್ನ್ ಕೇಳಿಸಿತು. ಉದ್ದನೆಯದು ಒಂದು, ಗಿಡ್ಡನೆಯವು ಎರಡು. ಸಭಾಂಗಣದ ಹಿಂದಿನ ಸಾಲಿನಲ್ಲಿದ್ದ ಆಕೆಯ ಊರಿನ ಹುಡುಗರು ಕುರ್ಚಿಯಲ್ಲಿ ಮಿಸುಕಾಡಿದರು. ಯಾರೂ ಏಳಲಿಲ್ಲ. ಡಬ್ಬಿಗಳ ಹೊಣೆ ಈಗ ಅವರದಲ್ಲವಲ್ಲ.

ಬುಧಗಾಂವ ಎದ್ದು ನಿಂತು ಮರಾಠಿಯಲ್ಲಿ ತನ್ನ ಮಾತು ಹೇಳಿದಳು. ಈ ನಗರಕ್ಕೆ ಓದಲು ಬರುವ ಬಹಳ ಮಂದಿ ಈ ನಗರದಲ್ಲಿ ಮಲಗುವುದಿಲ್ಲ. ಅವರಿಗೆ ನಗರವೆಂದರೆ ಎರಡು ಬಸ್ಸುಗಳ ನಡುವಿನ ಹೊತ್ತು. ಸಂಜೆಯ ಬಸ್ಸು ಕಾಲೇಜಿನ ಗಂಟೆ ಕೇಳಿ ಹೊರಟರೆ ಅದೇ ದೊಡ್ಡ ಸುಧಾರಣೆ. ಅಷ್ಟೇ.

ಇಂಜಿನಿಯರರು ಆಕೆಯನ್ನು ಕರುಣೆಯಿಂದಲೇ ನೋಡಿದರು. ಮಗಳೇ, ಭಾವನೆ ಚೆನ್ನಾಗಿದೆ, ಆದರೆ ಸಾರ್ವಜನಿಕ ಸಾರಿಗೆ ವೇಳಾಪಟ್ಟಿಯ ಮೇಲೆ ನಡೆಯುತ್ತದೆ. ಒಬ್ಬಿಬ್ಬರಿಗಾಗಿ ಬಸ್ಸು ಕಾಯುವ ಪದ್ಧತಿ ಜಗತ್ತಿನ ಯಾವ ನಗರದಲ್ಲೂ ಇಲ್ಲ, ಕಾಯುವುದೂ ಇಲ್ಲ ಎಂದರು.

ಸಭಾಂಗಣದ ಬಾಗಿಲು ತೆರೆಯಿತು. ಖಾಕಿ ಅಂಗಿ, ಕೊರಳಲ್ಲಿ ಟಿಕೆಟ್ ಯಂತ್ರ. ಕಂಡಕ್ಟರ್ ಅಷ್ಟು ಜನರನ್ನು ಕಂಡು ಒಂದು ಕ್ಷಣ ಅಳುಕಿ, ಆಮೇಲೆ ವೇದಿಕೆಯ ಬದಿಯ ಚೀಲಗಳನ್ನು ಕಂಡು ಧೈರ್ಯ ತಂದುಕೊಂಡ.

"ಬಸ್ಸು ನಿಂತೈತ್ರಿ," ಎಂದ. "ಡಬ್ಬಿ ಬಂದಿಲ್ಲ."

ಮೊದಲು ನಕ್ಕವರು ಹಿಂದಿನ ಸಾಲಿನವರು. ನಗೆ ಮುಂದಕ್ಕೆ ಬರುತ್ತ ಬರುತ್ತ ಕನ್ನಡ ತಿಳಿಯದವರಿಗೂ ಅಂಟಿತು. ಬುಧಗಾಂವ ಎರಡೂ ಚೀಲ ಎತ್ತಿಕೊಂಡಳು. ಗಡಿಬಿಡಿಯಲ್ಲಿ ಮರಾಠಿ ಮರೆತು, "ಸರ್, ನನ್ನ ಸುಧಾರಣಾ ಹೊರಗ ನಿಂತೈತ್ರಿ, ನಾ ಹೊಕ್ಕೇನಿ," ಎಂದು ಮೆಟ್ಟಿಲಿಳಿದಳು. ಇಂಜಿನಿಯರರು ಪಕ್ಕದವರಿಂದ ಅನುವಾದ ಕೇಳಿ ತಿಳಿದುಕೊಂಡು, ಕಂಡಕ್ಟರನನ್ನು ನಿಲ್ಲಿಸಿ, ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ಮರಾಠಿಯಲ್ಲಿ ವಿಚಾರಿಸಿದರು.

"ಡಬ್ಬಿ ಬರೂತನಕ, ಸಾಹೇಬ್ರ," ಎಂದ ಆತ. ಅದಕ್ಕಿಂತ ಸ್ಪಷ್ಟವಾದ ವೇಳಾಪಟ್ಟಿ ಆ ದಿನ ಬೇರೆ ಯಾವ ಗುಂಪೂ ಮಂಡಿಸಿರಲಿಲ್ಲ.

ಕಿಟಕಿಯ ಬಿಸಿಲು ಆಗ ಗೋಡೆಯ ಮೇಲಕ್ಕೆ ಹತ್ತಿತ್ತು. ಸಾಂಗ್ಲಿವಾಡಿ ನನ್ನ ಕಿವಿಯಲ್ಲಿ, "ಮುಟ್ತಾಳೇನು?" ಎಂದು ಕೇಳಿದ. ಬಸ್ಸು ಎಂದಿಗಿಂತಲೂ ಬಹಳ ತಡವಾಗಿತ್ತು. ಮುಟ್ಟುವುದಿಲ್ಲ ಎಂದೇ ನನ್ನ ಲೆಕ್ಕ, ಅದನ್ನು ಅವನಿಗೆ ಹೇಳಲಿಲ್ಲ. ಕಾರಂಜಿಗೆ ಮೊದಲ ಬಹುಮಾನ ಬಂತು. ನಮಗೆ ಉತ್ತೇಜನಾರ್ಥ ಎಂಬ ಹೆಸರಿನ, ಎಲ್ಲರ ಮೇಲೂ ದಯೆ ತೋರುವ ಬಹುಮಾನ.

ಮುಂದಿನದು ನಾನು ಕಂಡದ್ದಲ್ಲ, ಮರುದಿನ ಆಕೆಯಿಂದ ಕೇಳಿದ್ದು. ಕೆಲವು ದಿನಗಳ ನಂತರ ಕಂಡಕ್ಟರನ ಬಾಯಿಂದಲೂ ಕೇಳಿದೆ. ಎರಡೂ ಹೇಳಿಕೆ ಹೊಂದಿದ್ದರಿಂದ ಇಲ್ಲಿ ಇಡುತ್ತಿದ್ದೇನೆ.

ಆಕೆಯ ಮನೆ ಊರ ನಿಲ್ದಾಣದ ಎದುರಿಗೇ, ರಸ್ತೆ ತಿರುಗುವಲ್ಲಿ. ಬಸ್ಸು ಬಂದಾಗ ಸೂರ್ಯ ಕಬ್ಬಿನ ಗರಿಗಳ ಮಟ್ಟಕ್ಕೆ ಇಳಿದಿದ್ದ. ಅಜ್ಜಿ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು, ಮುಂದೆ ಮುಚ್ಚಿದ ತಾಟು. ಅಪ್ಪನೂ ಆ ದಿನ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ. ಇಂದು ಏನಾಗುತ್ತದೆ ಎಂಬುದು ಅವನಿಗೂ ಬೇಕಾಗಿತ್ತು. ಆಕೆ ಇಳಿದಳು. ಅಜ್ಜಿ ತಾಟಿನ ಮುಚ್ಚಳ ತೆಗೆದು ತುತ್ತು ಮುರಿದಳು. ಆ ಹೊತ್ತಿಗೇ ಡ್ರೈವರ್ ಮುಂದಿನ ದಾರಿಗೆಂದು ಬಸ್ಸಿನ ದೀಪ ಹಚ್ಚಿದ. ಬೆಳಕು ನೇರ ಬಾಗಿಲೊಳಗೆ, ಅಜ್ಜಿಯ ತಾಟಿನ ಮೇಲೆ ಬಿತ್ತು.

ಅಜ್ಜಿ ತುತ್ತು ಕೆಳಗಿಟ್ಟಳು. "ದೀಪಾ ಹಚ್ಚಿದ್ರಂದ್ರ ರಾತ್ರಿ ಆತು," ಎಂದಳು. ದೀಪದ ಬೆಳಕಿನಲ್ಲಿ ಅಜ್ಜಿ ಊಟ ಮಾಡುವುದಿಲ್ಲ.

"ಇನ್ನೂ ಮುಳುಗಿಲ್ಲ ಆಯಿ! ನೋಡ ಅಲ್ಲಿ!" ಎಂದು ಮೊಮ್ಮಗಳು ಕೂಗಿದಳು. ಅಜ್ಜಿಯ ಕಣ್ಣಿಗೆ ಅಷ್ಟು ದೂರ ಕಾಣುವುದಿಲ್ಲ. ಅಜ್ಜಿ ಡ್ರೈವರನ ಕಡೆ ಕೈ ಮಾಡಿ, "ನೀ ಎತ್ತರದಾಗ ಕುಂತೀಯಪ್ಪಾ, ನೀ ಹೇಳು. ಐತೋ ಇಲ್ಲೋ?" ಎಂದಳು.

ಜೀವಮಾನದಲ್ಲಿ ಮೊದಲ ಸಲ ಯಾರೋ ಆ ಡ್ರೈವರನಿಂದ ವೇಳೆಯ ಬಗ್ಗೆ ಸಾಕ್ಷಿ ಕೇಳಿದ್ದರು. ಆತ ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಕಬ್ಬಿನ ಮೇಲೆ ನೋಡಿ, "ಐತ್ರಿ ಆಯಿ, ಇನ್ನ ಅರ್ಧಾ ಐತಿ," ಎಂದು ದೀಪ ಆರಿಸಿದ. ಇಂಜಿನ್ನನ್ನೂ ಆರಿಸಿದ. ದೀಪವಿಲ್ಲದೆ ಮುಂದೆ ಹೋಗುವಂತಿಲ್ಲ, ಅಜ್ಜಿ ಉಣ್ಣುವ ತನಕ ದೀಪ ಹಚ್ಚುವಂತಿಲ್ಲ. ಹೀಗಾಗಿ ಐದರ ಬಸ್ಸು ಅಲ್ಲಿಯೇ ನಿಂತಿತು. ಕಾಯಿಪಲ್ಲೆಯವಳು ಕಿಟಕಿಯಿಂದ, "ಸಾವಕಾಶ ಉಣ್ರಿ ಆಯಿ, ನೆತ್ತಿಗಿ ಹತ್ತೀತು," ಎಂದಳಂತೆ.

ಅಜ್ಜಿ ಒಂದು ರೊಟ್ಟಿ ತಿಂದು, ನೀರು ಕುಡಿದು, ತಾಟಿನ ಕಡೆ ಕೈಮುಗಿದಳು. ಆಮೇಲೆ ಡ್ರೈವರ್ ಹೊರಟ.

ಅಪ್ಪ ಕಟ್ಟೆಯಿಂದ ಎದ್ದ. "ಒಂದ ಬಸ್ ಮಂದಿ ಕಾಯಾಕ ತಯಾರ ಇದ್ದಾಗ, ನಾ ಒಬ್ಬ ಬ್ಯಾಡಾ ಅಂದ್ರ ಊರಾಗ ಏನಂದಾರು?" ಎಂದು ಹೇಳಿ, ಕೈಕಾಲು ತೊಳೆಯಲು ಹೋದ. ತೀರ್ಪನ್ನು ಹಿಂತೆಗೆದುಕೊಂಡೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಕಲಾವಿಭಾಗದ ಮಾತು ಮಾತ್ರ ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಸಂಕ್ರಾಂತಿಯ ಮರುದಿನ ನಾನು ಆಕೆಯೊಂದಿಗೆ ನಿಲ್ದಾಣದಲ್ಲಿದ್ದೆ. ಕೈಯಲ್ಲಿ ಎಂದಿನ ಎರಡು ಚೀಲ, ಜೊತೆಗೆ ಸಣ್ಣದೊಂದು ಡಬ್ಬಿ. ಅದರಲ್ಲಿ ಅಜ್ಜಿ ಕಳಿಸಿದ ಎಳ್ಳುಬೆಲ್ಲ. ಹಗಲು ಅಷ್ಟಿಷ್ಟು ಉದ್ದವಾಗತೊಡಗಿತ್ತು. ಇನ್ನು ಬಸ್ಸು ಅಷ್ಟು ಕಾಯುವ ಅಗತ್ಯವೂ ಇರಲಿಲ್ಲ, ಆದರೆ ಊರ ಹುಡುಗರು ಡಬ್ಬಿ ಹೊರುವುದನ್ನು ಪೂರ್ತಿ ಮರೆತಿದ್ದರು. ಕಂಡಕ್ಟರ್ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, ಡ್ರೈವರನಿಗೂ ಕೊಟ್ಟು, ಆಯಿ ಏನಂದಳು ಎಂದು ಕೇಳಿದ.

"ಇನ್ನ ದೀಪಾ ಹಚ್ಕೊಂಡ ಬಂದ್ರೂ ಅಡ್ಡಿ ಇಲ್ಲ, ಬಸ್ಸಿನ ದೀಪಾ ನೋಡಿ ರಾತ್ರಿ ಆತು ಅನ್ನಾಂಗಿಲ್ಲ ಅಂತ ಹೇಳು ಅಂದಾಳ್ರಿ," ಎಂದಳು ಬುಧಗಾಂವ. "ಆದ್ರ ಈ ಡಬ್ಬಿ ನಾಳೆ ವಾಪಸ್ ಬರಬೇಕಂತ."